ಕೊನೆಯ ಸುತ್ತು

ಅಗಾದೆಜ್ ಸಂತೆಯಲ್ಲಿ ರುಮಾಲು ಅಳೆಯುವ ಮುದುಕ
ಮೊಳಕ್ಕೊಂದು ಕಾರಣ ಹೇಳುತ್ತಾನೆ.
ಬಿಸಿಲಿಗೆ, ಎನ್ನುತ್ತಾನೆ. ಮರಳಿಗೆ.
ಬಾಯಿ ತೆರೆದಿಟ್ಟರೆ ಹಾಳುಬಾವಿಯ ಜಿನ್ನು
ಬಾಡಿಗೆ ಕೊಡದೆ ಒಳಗೆ ಕೂರುತ್ತದೆ, ಅದಕ್ಕೆ.
ಅತ್ತೆಯ ಎದುರು ತುಟಿ ತೋರಿಸಿದವನು
ಗಂಡಸಲ್ಲ, ಮೇಕೆ, ಅದಕ್ಕೂ.
ಸತ್ತರೆ ಹೊದಿಸಲು ಬೇರೆ ಹುಡುಕಬೇಕಿಲ್ಲ.
ಹೀಗೆ ಹತ್ತು ಮೊಳ. ಹನ್ನೊಂದನೆಯದು ಯಾಕೆ?
‘ಅದು ಕೊಸರು’ ಎಂದು ಕತ್ತರಿ ಆಡಿಸಿದ.

ಇವತ್ತು ನನಗೆ ಕಟ್ಟುವ ದಿನ.
ಕಾನೋ ಕಡೆಯ ನೀಲಿ. ಗುಂಡಿಯಲ್ಲಿ ಮಿಂದು
ಕೊಡತಿಯ ಏಟು ತಿಂದು ತಿಂದು
ಜೀರುಂಡೆಯ ಬೆನ್ನಿನಂತೆ ಮಿರುಗುತ್ತದೆ.
ಅವ್ವ ಒಂಟೆಮರಿ ಮಾರಿ ತರಿಸಿದ್ದು.
ಮುಟ್ಟಿದರೆ ಬೆರಳಿಗೆ ಬಣ್ಣ,
ಒರೆಸಿಕೊಂಡರೆ ಒರೆಸಿದಲ್ಲಿಗೂ.

ಚಿಕ್ಕಪ್ಪ ಘುಮಾರ್ ಎದುರಿಗೆ ಮಂಡಿಯೂರಿದ್ದಾನೆ.
ಊರಿಗೆಲ್ಲ ಗೊತ್ತಿರುವುದು ಅವನ ಕಣ್ಣಷ್ಟೇ.
ಉಣ್ಣುವಾಗಲೂ ಮುಸುಕಿನ ಅಡಿಯಿಂದ
ಚಮಚ ಕಳ್ಳನಂತೆ ಹೋಗಿ ಬರುತ್ತದೆ.
ಕಾಡುನಾಯಿ ನುಗ್ಗಿದ ರಾತ್ರಿ, ಸಾಲದವನು ಬಂದ ಬೆಳಿಗ್ಗೆ,
ಅಪ್ಪನನ್ನು ಮರಳಿಗೆ ಒಪ್ಪಿಸಿದ ಮಧ್ಯಾಹ್ನ
ಅವೇ ಎರಡು ಕಣ್ಣು, ಕಲ್ಲಿನವು.
‘ಘುಮಾರನಿಗೆ ಭಯವೇ ಇಲ್ಲ’ ಎನ್ನುತ್ತಾರೆ
ಮಕ್ಕಳನ್ನು ಮಲಗಿಸುವ ಹೆಂಗಸರು.

ನಾನು ನೋಡಿದ್ದೇನೆ. ಹೇಳಿಲ್ಲ, ಅಷ್ಟೆ.

ನಾಲ್ಕು ವರ್ಷದ ಹಿಂದೆ, ತೆನೆರೆಯ ನಡುವೆ,
ಬಿಲ್ಮಾದ ಉಪ್ಪು ಹೇರಿಕೊಂಡ ಲಾರಿ
ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಉಪ್ಪಿನ ಮೇಲೆ ನಾವು ಹದಿನೇಳು ಜನ.
ಎರಡು ರಾತ್ರಿ ನಡೆದೆವು. ಬಾವಿ ಸಿಕ್ಕಿತು.
ಹಗ್ಗ ಹಾಕಿದರೆ ಎಣ್ಣೆಯ ಡಬ್ಬಿ
ಅರ್ಧ ಕತ್ತಲಲ್ಲಿ ನೇತಾಡಿತು,
ಕೆಳಗೆಲ್ಲೋ ನೀರು ತನ್ನ ಪಾಡಿಗೆ ಇತ್ತು.

ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಗೊತ್ತಿತ್ತು
ತಲೆಯ ಮೇಲೆ ಎಷ್ಟು ಹಗ್ಗವಿದೆಯೆಂದು.
ಮೊದಲು ಬಿಚ್ಚಿದವನು ಚಿಕ್ಕಪ್ಪ.
ಆಮೇಲೆ ಇಬ್ಬರು, ಆಮೇಲೆ ನಾಲ್ವರು.
ಬಿಚ್ಚಿದವರು ಬಿಚ್ಚಿದಂತೆ
ದಿಕ್ಕಿಗೊಬ್ಬರು ಮುಖ ತಿರುಗಿಸಿ ನಿಂತರು.
ಘಾನಾದ ಟೋಪಿಯವನೂ, ಏನೂ ಅರಿಯದೆ,
ಮರ್ಯಾದೆಗೆ ಮರಳನ್ನೇ ನೋಡುತ್ತ ನಿಂತ.

ನನ್ನದು ಬೋಳುತಲೆ. ಕಾನೂನು ಇನ್ನೂ
ನನ್ನ ಎತ್ತರಕ್ಕೆ ಬಂದಿರಲಿಲ್ಲ. ನೋಡಿದೆ.
ಬಿಸಿಲು ಕಾಣದ ಗಲ್ಲ, ನೀಲಿ ಹಿಡಿದ ಗಡ್ಡ,
ಗಂಟು ಎಣಿಸುವ ಬಾಯಿ:
ಒಂದು, ಎರಡು, ಮತ್ತೆ ಒಂದು.
ಕೆಳತುಟಿ ನಡುಗುತ್ತಿತ್ತು,
ಆಗತಾನೆ ಹುಟ್ಟಿದ ಕುರಿಮರಿಯ ಕಾಲಿನ ಹಾಗೆ.
ಮೇಲೆ ಕಣ್ಣು ಎಂದಿನಂತೆ ಕಲ್ಲು.
ಕಲ್ಲು ನನ್ನ ಕಡೆ ತಿರುಗಿತು.
ನಾನು ಡಬ್ಬಿಯತ್ತ ನೋಡಿದೆ.

ಏಳು ರುಮಾಲಿನ ಬಣ್ಣ ಇಳಿದು
ನೀರು ನೀಲಿಯಾಗಿ ಮೇಲೆ ಬಂತು.
ಕುಡಿದೆವು. ಒಡೆಯರ ಮನೆಯವನು, ಕಮ್ಮಾರ,
ಟೋಪಿಯವನು, ನಾನು.
ಮೂರು ದಿನ ಎಲ್ಲರ ನಾಲಗೆಗೂ ಒಂದೇ ಕುಲ.
ಒದ್ದೆ ರುಮಾಲು ಹಿಂಡಿ ಅವನು ಮತ್ತೆ ಸುತ್ತಿಕೊಂಡ.
ಮೂಗಿನವರೆಗೆ ಎಳೆದುಕೊಂಡಾಗ
ಬಾಗಿಲು ಹಾಕಿದ ಸದ್ದು ಕೇಳಿಸಿತು ನನಗೆ.

ಈಗ ಮುಲ್ಲಾ ಓದುತ್ತಿದ್ದಾರೆ.
ಡೇರೆಯ ತುಂಬ ಜನ. ಅವ್ವ ಹೊರಗೆ ನಿಂತು
ಯಾರಿಗೋ ಸಕ್ಕರೆ ಸಾಲದೆಂದು ರೇಗುತ್ತಿದ್ದಾಳೆ.
ಚಿಕ್ಕಪ್ಪ ಸುತ್ತುತ್ತಾನೆ: ಹಣೆ, ಕಿವಿ, ಹಿಂದಲೆ,
ಕತ್ತಿನ ಸುತ್ತ ಬಳಸಿ, ಮತ್ತೆ ಹಣೆ.
ತಲೆ ಭಾರವಾಗುತ್ತದೆ, ತುಂಬಿದ ಕೊಡ ಇಟ್ಟಂತೆ.
ಇನ್ನು ಆಡುವ ಹುಡುಗರ ಕಡೆ
ಹೊರಳಿ ನೋಡಲೂ ನಿಧಾನ ಬೇಕು.

ಒಂದು ಮೊಳ ಉಳಿದಿದೆ.
ಯಾಕೋ ಗೊತ್ತಿಲ್ಲ, ಅಪ್ಪನ ಬಾಯಿ ಹೇಗಿತ್ತೆಂದು
ನೆನೆಯಲು ಹೊರಟೆ. ನೆನಪಿಗೆ ಬಂದದ್ದು ಬಟ್ಟೆ.
ನನ್ನ ತುಟಿ ತನ್ನಷ್ಟಕ್ಕೆ ಅದುರತೊಡಗಿತು,
ಹಲ್ಲು ಕಚ್ಚಿದರೂ ಕೇಳದೆ.
ಇಷ್ಟು ಹತ್ತಿರದಿಂದ ಕಂಡವನು ಅವನೊಬ್ಬನೇ.

ಕಲ್ಲು ಅಲುಗಲಿಲ್ಲ. ಬೆನ್ನು ಅಗಲ ಮಾಡಿ
ಜನಕ್ಕೂ ನನಗೂ ನಡುವೆ ಸರಿದು ಕೂತ.
ಕೊಸರಿನ ಮೊಳವನ್ನು ಮೆಲ್ಲಗೆ ಮೇಲೆಳೆದು
ಮೂಗಿನ ಮೇಲೆ ಕೂರಿಸಿ,
ಬೆರಳಲ್ಲಿ ಒಮ್ಮೆ ತಟ್ಟಿದ.

ಬಣ್ಣ ಹತ್ತಿತು.